ನಾಲ್ವಡಿಯವರ ಹೆಸರಿನ ನಾಣ್ಯ ಯಾಕೆ ಸಿಗುವುದಿಲ್ಲ? ಮೈಸೂರು ಸಂಸ್ಥಾನದ ಕಾಸು, ಹಣ, ವರಹ

ಚಾಮುಂಡಿಪುರಂ ಹುಡುಗ

ಎಲ್ಲರಿಗೂ ನಮಸ್ಕಾರ. ಹೈದರಾಬಾದ್ ನಿಜಾಮರ ಚಾರ್‌ಮಿನಾರ್ ರೂಪಾಯಿ ಎಲ್ಲ ಕಡೆ ಸಿಗುತ್ತದೆ. ತಿರುವಾಂಕೂರಿನ ಚಕ್ರಂ ಸಿಗುತ್ತದೆ. ಕಚ್ಛ್‌ನ ಕೋರಿ ಕೂಡ ಸಿಗುತ್ತದೆ. ಆದರೆ ನಮ್ಮ ನಾಲ್ವಡಿ ಕೃಷ್ಣರಾಜ ಒಡೆಯರದ್ದಾಗಲಿ, ಜಯಚಾಮರಾಜ ಒಡೆಯರದ್ದಾಗಲಿ ಒಂದು ಕಾಸೂ ಈವರೆಗೆ ಕಣ್ಣಿಗೆ ಬಿದ್ದಿಲ್ಲ. 21 ತೋಪಿನ ಮರ್ಯಾದೆ ಇದ್ದ ಸಂಸ್ಥಾನ ಸ್ವಾಮಿ ಇದು! ಒಬ್ಬ ವ್ಯಾಪಾರಿ "ನಾಲ್ವಡಿಯವರ ಮುಖ ಇರೋ ಬೆಳ್ಳಿ ರೂಪಾಯಿ ಇದೆ, ಬಹಳ ಅಪರೂಪ, ಅಡ್ವಾನ್ಸ್ ಕೊಟ್ಟರೆ ತರಿಸಿಕೊಡ್ತೀನಿ" ಅಂತಿದ್ದಾನೆ. ಕೊಡಲಾ?

ಹಳೇಕಾಸು

ಕೊಡಬೇಡಿ. ಮೈಸೂರಿನ ಟಂಕಸಾಲೆ, ಅಂದರೆ ನಾಣ್ಯ ಹೊಡೆಯುವ ಜಾಗ, ಮುಚ್ಚಿದ್ದು 1843ರಲ್ಲಿ. ನಾಲ್ವಡಿಯವರು ಹುಟ್ಟಿದ್ದು 1884ರಲ್ಲಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಅವರ ಮುಖ ಇರುವ ಪದಕಗಳು ಇವೆ, ನಿಜ. ಅರಮನೆಯಿಂದ ಕೊಟ್ಟವು, ಸಮಾರಂಭಗಳಿಗೆ ಮಾಡಿಸಿದವು. ಈಗಿನವರು ಹೊಡೆಸಿದ ಬೆಳ್ಳಿ ಬಿಲ್ಲೆಗಳೂ ಇವೆ. ಅಂಗಡಿಯಲ್ಲಿ ಕೊಟ್ಟು ಸಾಮಾನು ತರುವ ನಾಣ್ಯ ಮಾತ್ರ ಇರಲಿಲ್ಲ. ನಾಲ್ವಡಿಯವರ ಕಾಲದಲ್ಲಿ ಮೈಸೂರಿನ ಸಂತೆಯಲ್ಲಿ ಓಡುತ್ತಿದ್ದದ್ದು ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಮುಖದ ಬ್ರಿಟಿಷ್ ಇಂಡಿಯಾದ ದುಡ್ಡು.

ಚಾಮುಂಡಿಪುರಂ ಹುಡುಗ

ಸಾರ್, ಇದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ದೊಡ್ಡ ಸಂಸ್ಥಾನಕ್ಕೆ ಸ್ವಂತ ನಾಣ್ಯವೇ ಇಲ್ಲ ಅಂದರೆ ಹೇಗೆ? ಯಾರು ನಿಲ್ಲಿಸಿದ್ದು?

ಹಳೇಕಾಸು

ಸ್ವಲ್ಪ ಉದ್ದ ಆಗುತ್ತದೆ, ಓದಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಜೂನ್ ಕೊನೆಯಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟ ಕಟ್ಟಿದರು. ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಆಗ ನಾಣ್ಯ ನಿಲ್ಲಲಿಲ್ಲ, ಜೋರಾಗಿಯೇ ನಡೆಯಿತು. ಚಿನ್ನದ ವರಹ, ಚಿನ್ನದ ಹಣ, ಬೆಳ್ಳಿ ರೂಪಾಯಿ, ತಾಮ್ರದ ಕಾಸು, ಎಲ್ಲವೂ ಇತ್ತು.

1830–31ರಲ್ಲಿ ಮಲೆನಾಡಿನ ನಗರ (ಹಿಂದಿನ ಬಿದನೂರು) ಸೀಮೆಯಲ್ಲಿ ರೈತರ ದಂಗೆ ಎದ್ದಿತು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಆಡಳಿತ ಕಿತ್ತುಕೊಂಡರು. ರಾಜರು ಅರಮನೆಯಲ್ಲೇ ಉಳಿದರು, ರಾಜ್ಯ ಕಮಿಷನರ ಕೈಗೆ ಹೋಯಿತು. 1833ರಲ್ಲಿ ಟಂಕಸಾಲೆಯನ್ನು ಬೆಂಗಳೂರಿಗೆ ಸಾಗಿಸಿದರು. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ತೂಕದ, ಒಂದೇ ಅಚ್ಚಿನ ರೂಪಾಯಿ ತಂದಿತು. ಒಂದು ಕಡೆ ನಾಲ್ಕನೇ ವಿಲಿಯಂ ಮುಖ. ಆ ರೂಪಾಯಿ ಎಲ್ಲ ಕಡೆ ಹರಡಿದ ಮೇಲೆ ಸಣ್ಣ ಟಂಕಸಾಲೆಗೆ ಏನು ಕೆಲಸ? 1843ಕ್ಕೆ ಬಾಗಿಲು ಹಾಕಿದರು.

ಇಲ್ಲಿಗೆ ಮುಗಿಯಲಿಲ್ಲ. 1881ರಲ್ಲಿ ಹತ್ತನೇ ಚಾಮರಾಜ ಒಡೆಯರಿಗೆ ರಾಜ್ಯ ವಾಪಸ್ ಕೊಟ್ಟರಲ್ಲ, ಆಗಿನ ಕರಾರಿನಲ್ಲಿ ನಾಣ್ಯದ ಬಗ್ಗೆಯೇ ಒಂದು ಷರತ್ತು ಇದೆ. ಭಾರತ ಸರ್ಕಾರದ ನಾಣ್ಯವೇ ಮೈಸೂರಿನಲ್ಲೂ ಚಲಾವಣೆಯಾಗಬೇಕು. ಬಹಳ ಹಿಂದೆಯೇ ನಿಂತುಹೋಗಿರುವ ಮೈಸೂರಿನ ಪ್ರತ್ಯೇಕ ನಾಣ್ಯವನ್ನು ಮತ್ತೆ ಶುರು ಮಾಡುವಂತಿಲ್ಲ. ಇದು ಅದರ ಸಾರ. ಹೈದರಾಬಾದಿಗೂ ತಿರುವಾಂಕೂರಿಗೂ ಈ ಗಂಟು ಬೀಳಲಿಲ್ಲ, ಅವರ ರಾಜ್ಯ ಐವತ್ತು ವರ್ಷ ಕೈ ಬಿಟ್ಟುಹೋಗಿರಲಿಲ್ಲ. ನಮ್ಮದು ಹೋಗಿ ಬಂತು. ಬರುವಾಗ ಸಹಿ ಹಾಕಿಸಿಕೊಂಡು ಬಂತು.

ನನ್ನ ಪ್ರಕಾರ ಮೈಸೂರಿನ ಚರಿತ್ರೆಯಲ್ಲಿ ಜನ ಗಮನಿಸದೇ ಬಿಟ್ಟ ಷರತ್ತು ಇದು. "ಮಾದರಿ ಸಂಸ್ಥಾನ" ಅಂತ ಹೊಗಳಿದವರೇ ಈ ಅಧಿಕಾರವನ್ನು ಮಾತ್ರ ಕೊನೆಯವರೆಗೂ ಕೊಡಲಿಲ್ಲ.

ಕೋಲಾರದ ಮಣ್ಣು

ಇದರಲ್ಲಿ ಇನ್ನೊಂದು ತಮಾಷೆ ನೋಡಿ. ಕರಾರು ಆದ ಅದೇ 1880ರ ದಶಕದಲ್ಲಿ ಕೆಜಿಎಫ್‌ನಲ್ಲಿ ಜಾನ್ ಟೇಲರ್ ಕಂಪನಿಯವರು ಚಿನ್ನದ ಎಳೆ ಹಿಡಿದರು. 1902ರಲ್ಲಿ ಶಿವನಸಮುದ್ರದಿಂದ ನಮ್ಮೂರಿಗೆ ಕರೆಂಟ್ ಎಳೆದದ್ದೂ ಆ ಗಣಿಗಾಗಿಯೇ. ಚಿನ್ನ ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು, ಸಂಸ್ಥಾನಕ್ಕೆ ರಾಯಲ್ಟಿ ಬರುತ್ತಿತ್ತು. ನೆಲದಲ್ಲಿ ಚಿನ್ನ ಇಲ್ಲದಿದ್ದಾಗ ಮೈಸೂರು ಚಿನ್ನದ ನಾಣ್ಯ ಹೊಡೆಯಿತು. ಚಿನ್ನ ಸಿಕ್ಕಾಗ ಹೊಡೆಯುವಂತಿರಲಿಲ್ಲ!

ಲೆಕ್ಕದ ಮೇಷ್ಟ್ರು

ಚಿನ್ನದ ನಾಣ್ಯದ ಮಾತು ಬಂತಲ್ಲ, ಸ್ವಲ್ಪ ಹಿಂದಕ್ಕೆ ಹೋಗೋಣ. ಮೈಸೂರಿನ ನಾಣ್ಯದ ಕಥೆಯನ್ನು ರಣಧೀರ ಕಂಠೀರವ ನರಸರಾಜ ಒಡೆಯರಿಂದ ಶುರು ಮಾಡಬೇಕು. 1638ರಿಂದ 1659ರವರೆಗೆ ಆಳಿದವರು. ವಿಜಯನಗರದ ನೆರಳು ಕರಗುತ್ತಿದ್ದ ಕಾಲ. ಸ್ವಂತ ಹೆಸರಲ್ಲಿ ನಾಣ್ಯ ಹೊಡೆಸಿದರು ಅಂದರೆ "ಇನ್ನು ನಾನು ಯಾರ ಕೈಕೆಳಗೂ ಇಲ್ಲ" ಅಂತ ಸಾರಿದ ಹಾಗೆ.

ಅವರ ನಾಣ್ಯವೇ ಕಂಠೀರಾಯಿ ಹಣ. ಕೈಯಲ್ಲಿ ಹಿಡಿದು ನೋಡಿದವರಿಗೆ ಮಾತ್ರ ಅದು ಎಷ್ಟು ಚಿಕ್ಕದು ಅಂತ ಗೊತ್ತಾಗುತ್ತದೆ. ತೂಕ ಒಂದು ಗ್ರಾಂನ ಮೂರನೇ ಒಂದು ಭಾಗದಷ್ಟು. ಅಗಲ ಕೊತ್ತಂಬರಿ ಕಾಳಿಗಿಂತ ಸ್ವಲ್ಪ ಜಾಸ್ತಿ. ಅಷ್ಟರಲ್ಲೇ ಒಂದು ಮಗ್ಗುಲಲ್ಲಿ ಕೂತ ನರಸಿಂಹ, ಇನ್ನೊಂದು ಮಗ್ಗುಲಲ್ಲಿ ನಾಗರಿ ಲಿಪಿಯಲ್ಲಿ ಮೂರು ಸಾಲಿನಲ್ಲಿ "ಶ್ರೀ ಕಂಠೀರವ". ಅಚ್ಚು ಯಾವಾಗಲೂ ಬಿಲ್ಲೆಗಿಂತ ದೊಡ್ಡದು. ಹಾಗಾಗಿ ಒಂದರಲ್ಲಿ ನರಸಿಂಹನ ಕಿರೀಟ ಇರುವುದಿಲ್ಲ, ಇನ್ನೊಂದರಲ್ಲಿ ಕಾಲು ಇರುವುದಿಲ್ಲ. ಪೂರ್ತಿ ಚಿತ್ರ ಬೇಕು ಅಂದರೆ ಏಳೆಂಟು ಹಣ ಜೋಡಿಸಿಕೊಂಡು ನೋಡಬೇಕು.

ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ಆದರೆ ಆ ವರಹ ಲೆಕ್ಕದ ಪುಸ್ತಕದಲ್ಲಿ ಮಾತ್ರ ಇದ್ದದ್ದು. ಶಾನುಭೋಗರು ಕಡತದಲ್ಲಿ "ಇಷ್ಟು ವರಹ" ಅಂತ ಬರೆಯುತ್ತಿದ್ದರು, ಕೊಡುವಾಗ ಹಣಗಳನ್ನು ಎಣಿಸಿ ಕೊಡುತ್ತಿದ್ದರು. 1799ರಲ್ಲಿ ಟಿಪ್ಪುವಿನ ರಾಜ್ಯವನ್ನು ಪಾಲು ಮಾಡಿದಾಗ ಒಪ್ಪಂದದ ಪಟ್ಟಿಯಲ್ಲಿ ಪ್ರತಿ ತಾಲ್ಲೂಕಿನ ಹುಟ್ಟುವಳಿಯನ್ನು ಬರೆದದ್ದು ಕಂಠೀರಾಯಿ ವರಹದಲ್ಲೇ. ಮುಮ್ಮಡಿಯವರ ಪಾಲಿಗೆ ಬಂದದ್ದು ಸುಮಾರು 13 ಲಕ್ಷ 74 ಸಾವಿರ ವರಹದ ಸೀಮೆ. ಹೊಡೆಸಿದ ರಾಜ ಹೋಗಿ 140 ವರ್ಷ ಆದ ಮೇಲೂ ಲೆಕ್ಕ ಅವನ ಹೆಸರಲ್ಲಿ!

ಅದೇ ವರ್ಷದ ಇನ್ನೊಂದು ಒಪ್ಪಂದದಲ್ಲಿ ಮೈಸೂರು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹ ಪೊಗದಿ ಕೊಡಬೇಕು ಅಂತಿದೆ. ಇದು ಮಾತ್ರ ಕಂಠೀರಾಯಿ ಅಲ್ಲ, ಮದರಾಸಿನ ಕಡೆಯ ಸ್ಟಾರ್ ಪಗೋಡ ಅನ್ನುವ ವರಹ. ಒಂದಕ್ಕೆ ಮೂರೂವರೆ ರೂಪಾಯಿ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ. ವಸೂಲಿ ನಮ್ಮ ಹಣದಲ್ಲಿ, ಕಪ್ಪ ಅವರ ಹಣದಲ್ಲಿ. ವಟ್ಟ, ಅಂದರೆ ನಾಣ್ಯ ಬದಲಾಯಿಸುವಾಗಿನ ನಷ್ಟ, ಯಾರ ತಲೆ ಮೇಲೆ ಬೀಳುತ್ತಿತ್ತು ಅಂತ ಹೇಳಬೇಕಾಗಿಲ್ಲ, ಅಲ್ವಾ?

ಕರಾವಳಿಗ

ಅಷ್ಟು ಸಣ್ಣ ನಾಣ್ಯವನ್ನು ಎಣಿಸುವುದು ಹೇಗೆ ಮೇಷ್ಟ್ರೇ? ಕೈ ಜಾರಿದರೆ ಮುಗಿಯಿತು. ಕೇರಳದ ಕಡೆ ಇದಕ್ಕೆಂದೇ ಗುಳಿ ಕೊರೆದ ಮರದ ಹಲಗೆ ಇರುತ್ತಿತ್ತು. ಹಣ ಸುರಿದು ಅಲ್ಲಾಡಿಸಿದರೆ ಒಂದೊಂದು ಗುಳಿಯಲ್ಲಿ ಒಂದೊಂದು ಕೂರುತ್ತದೆ, ಮಿಕ್ಕಿದ್ದು ಪಕ್ಕಕ್ಕೆ ಸರಿಯುತ್ತದೆ. ಗುಳಿ ತುಂಬಿದರೆ ಲೆಕ್ಕ ಸರಿ. ತಿರುವಾಂಕೂರಿನ ಬೆಳ್ಳಿ ಚಕ್ರಂ ಕೂಡ ಹಾಗೇ ಎಣಿಸುತ್ತಿದ್ದರು. ಅಲ್ಲಿ 16 ಕಾಸಿಗೆ ಒಂದು ಚಕ್ರಂ, 28 ಚಕ್ರಂಗೆ ಅವರ ಒಂದು ರೂಪಾಯಿ. ಬ್ರಿಟಿಷ್ ರೂಪಾಯಿ ಬೇಕು ಅಂದರೆ ಇನ್ನೂ ಅರ್ಧ ಚಕ್ರಂ ಸೇರಿಸಬೇಕು.

ನಗರದವನು

ನಮ್ಮ ಮಲೆನಾಡನ್ನು ಬಿಟ್ಟು ಮೈಸೂರಿನ ವರಹದ ಕಥೆ ಹೇಳುವುದು ನ್ಯಾಯವಲ್ಲ. ಇಕ್ಕೇರಿ ವರಹದಲ್ಲಿ ಶಿವ ಪಾರ್ವತಿ ಜೋಡಿಯಾಗಿ ಕೂತಿದ್ದಾರೆ. ಅದು ವಿಜಯನಗರದ ಸದಾಶಿವರಾಯನ ವರಹದಿಂದ ಕೆಳದಿ ನಾಯಕರಿಗೆ ಬಂದದ್ದು. 1763ರಲ್ಲಿ ಹೈದರ್ ಅಲಿ ಬಿದನೂರು ಗೆದ್ದ. ಊರಿಗೆ ಹೈದರ್‌ನಗರ ಅಂತ ಹೆಸರಿಟ್ಟ. ಈಗ ಬರೀ ನಗರ. ಅಲ್ಲಿನ ಟಂಕಸಾಲೆ ಕೈಗೆ ಬಂದಾಗ ಅವನು ಮಾಡಿದ್ದು ಏನು? ಶಿವ ಪಾರ್ವತಿಯನ್ನು ಹಾಗೇ ಉಳಿಸಿದ. ಹಿಂದಿನ ಮಗ್ಗುಲಲ್ಲಿದ್ದ ನಾಗರಿ ಅಕ್ಷರ ತೆಗೆದು ಚುಕ್ಕಿಗಳ ನಡುವೆ ತನ್ನ ಹೆಸರಿನ ಮೊದಲ ಪರ್ಷಿಯನ್ ಅಕ್ಷರ ಒಂದನ್ನು ಹಾಕಿದ. ಅಷ್ಟೇ. ಅದೇ ಬಹಾದುರಿ ಹೊನ್ನು.

ಆಮೇಲೆ ಮುಮ್ಮಡಿಯವರೂ ಅದೇ ಶಿವ ಪಾರ್ವತಿಯನ್ನು ಇಟ್ಟುಕೊಂಡು ಹಿಂದೆ ನಾಗರಿಯಲ್ಲಿ "ಶ್ರೀ ಕೃಷ್ಣರಾಜ" ಅಂತ ಹಾಕಿಸಿದರು. ವಿಜಯನಗರ, ಇಕ್ಕೇರಿ, ಹೈದರ್, ಒಡೆಯರು. ನಾಲ್ಕು ಆಳ್ವಿಕೆ, ಒಂದೇ ಮುಮ್ಮಗ್ಗುಲು.

ಕಿತಾಪತಿ 420

ಹೈದರ್ ಉಳಿಸಿದ ಸರಿ, ಮಗ ಏನು ಮಾಡಿದ ಅದನ್ನೂ ಹೇಳಿ. ದೇವರ ಚಿತ್ರ ತೆಗೆದು ಹಾಕಿದವನನ್ನು...

ನಿರ್ವಾಹಕ

ಇಲ್ಲಿಗೆ ನಿಲ್ಲಿಸಿ. ಆ ಜಗಳಕ್ಕೆ ಬೇರೆ ಜಾಗ ಬೇಕಾದಷ್ಟಿದೆ. ಇಲ್ಲಿ ನಾಣ್ಯದ ಮಾತು ಮಾತ್ರ.

ಹಳೇಕಾಸು

ನಾಣ್ಯದ ಮಾತೇ ಆಡೋಣ. ಟಿಪ್ಪು ತನ್ನ ನಾಣ್ಯಗಳಿಗೆ ದೇವರ ಚಿತ್ರ ಹಾಕಲಿಲ್ಲ, ನಿಜ. ತನ್ನ ಹೆಸರನ್ನೂ ಹಾಕಲಿಲ್ಲ! ಅಪ್ಪನ ಆ ಒಂದು ಅಕ್ಷರವನ್ನು ಮಾತ್ರ ಚಿನ್ನದ ಮೇಲೆ ಬಿಡದೆ ಇಟ್ಟುಕೊಂಡ. ದೆಹಲಿಯ ಷಾ ಆಲಂ ಹೆಸರನ್ನೂ ಕೈಬಿಟ್ಟ. ಆಗಿನ ಕಾಲಕ್ಕೆ ಇದು ಸಣ್ಣ ಸಂಗತಿಯಲ್ಲ, ಕಂಪನಿಯವರೇ ಮೊಗಲ್ ದೊರೆಯ ಹೆಸರಲ್ಲಿ ರೂಪಾಯಿ ಹೊಡೆಯುತ್ತಿದ್ದರು.

ನಾಣ್ಯ ಸಂಗ್ರಹಿಸುವವರಿಗೆ ಅವನ ಹದಿನೇಳು ವರ್ಷ ಹಬ್ಬ. ಒಂದೊಂದು ಬೆಲೆಯ ನಾಣ್ಯಕ್ಕೂ ಒಂದೊಂದು ಹೆಸರು. ಚಿನ್ನದಲ್ಲಿ ಅಹಮದಿ, ಸಿದ್ದೀಕಿ, ಫಾರೂಕಿ. ಬೆಳ್ಳಿಯಲ್ಲಿ ಎರಡು ರೂಪಾಯಿಗೆ ಹೈದರಿ, ರೂಪಾಯಿಗೆ ಇಮಾಮಿ, ಅರ್ಧಕ್ಕೆ ಆಬಿದಿ, ಕಾಲಿಗೆ ಬಾಕಿರಿ. ಹೀಗೆ 32ರಲ್ಲಿ ಒಂದು ಪಾಲಿನವರೆಗೂ ಹೋಗುತ್ತದೆ. ತಾಮ್ರಕ್ಕೆ ಬಂದರೆ ಆಕಾಶದ ಹೆಸರು: ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದರ ಅರ್ಧ ಕುತುಬ್, ಧ್ರುವ. ಹೈದರಿ ಸುಮಾರು 23 ಗ್ರಾಂ ತೂಗುತ್ತದೆ. ಅದರ ಅಕ್ಷರದ ಅಂದಕ್ಕೆ ಸಾಟಿ ಅಪರೂಪ.

ಹೊಸಬರು ಎಡವುವುದು ಇಸವಿಯಲ್ಲಿ. 1787ರ ಸುಮಾರಿಗೆ ಟಿಪ್ಪು ಹಿಜರಿ ಬಿಟ್ಟು ಮೌಲೂದಿ ಅಂತ ಹೊಸ ಶಕ ತಂದ, ಅದು 1215ರಿಂದ ಶುರು. ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಅನ್ನುವುದು ನಾಣ್ಯದ ಮೇಲೆ 8121 ಅಂತ ಕಾಣುತ್ತದೆ. ಇದು ಗೊತ್ತಿಲ್ಲದೆ "ಸಾರ್ ಎಂಟು ಸಾವಿರ ಅಂತ ಬರೆದಿದೆ, ಏಲಿಯನ್ ನಾಣ್ಯನಾ?" ಅಂತ ಮೆಸೇಜ್ ಹಾಕುತ್ತಾರೆ.

ಊರಿನ ಹೆಸರೂ ಹಾಗೇ. ಶ್ರೀರಂಗಪಟ್ಟಣ ಬರೀ "ಪಟ್ಟನ್". ಧಾರವಾಡ "ಖುರ್ಷೀದ್ ಸವಾದ್", ಗುತ್ತಿ "ಫೈಜ್ ಹಿಸಾರ್". ಮೈಸೂರು "ನಜರ್‌ಬಾರ್". ನಜರ್‌ಬಾದ್‌ನಲ್ಲಿ ಬಸ್ ಇಳಿಯುವವರು ಇದನ್ನು ಒಮ್ಮೆ ನೆನೆಸಿಕೊಳ್ಳಿ.

ಲೆಕ್ಕದ ಮೇಷ್ಟ್ರು

ಒಂದು ಸೇರಿಸುತ್ತೇನೆ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯದ ಜೊತೆ 3 ಕೋಟಿ 30 ಲಕ್ಷ ರೂಪಾಯಿ ಕೊಡಬೇಕಾಯಿತು. ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಕೈ ಬಿಟ್ಟ ಸೀಮೆಗಳ ಜೊತೆ ಅಲ್ಲಿನ ಟಂಕಸಾಲೆಗಳೂ ಹೋದವು. ಹಾಗಾಗಿ ಕೊನೆಯ ಏಳು ವರ್ಷದ ನಾಣ್ಯಗಳಲ್ಲಿ ಊರಿನ ಹೆಸರು ಬೆರಳೆಣಿಕೆಯಷ್ಟೇ. ಯುದ್ಧ ಎಲ್ಲಿ ಮುಟ್ಟಿತು ಅನ್ನುವುದು ನಾಣ್ಯದ ಪಟ್ಟಿ ನೋಡಿದರೇ ತಿಳಿಯುತ್ತದೆ.

ಹ್ಯೂಸ್ಟನ್ ಅಕ್ಕ

ನಾನು ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಈಗ ಕೇಳಲೇಬೇಕು. ಅಮ್ಮನ ಮನೆಯ ದೇವರ ಪೆಟ್ಟಿಗೆಯಲ್ಲಿ ನಾಲ್ಕೈದು ತಾಮ್ರದ ನಾಣ್ಯ ಇವೆ. ಆನೆ ಇದೆ. ಎಲ್ಲರೂ ಟಿಪ್ಪು ಕಾಸು ಅಂತಾರೆ. ಒಂದರ ಮೇಲೆ ಮಾತ್ರ ಕನ್ನಡ ಅಕ್ಷರ ಇದ್ದ ಹಾಗಿದೆ. ಹೇಗೆ ಗುರುತಿಸುವುದು?

ಹಳೇಕಾಸು

ಅಕ್ಕ, ಆನೆ ಕಂಡ ತಕ್ಷಣ ಟಿಪ್ಪು ಅನ್ನುವುದು ಎಲ್ಲ ಕಡೆ ಇರುವ ರೂಢಿ. ತಾಮ್ರದ ಮೇಲೆ ಆನೆ ಹಾಕುವುದನ್ನು ಹೈದರ್ ತನ್ನ ಕೊನೆಗಾಲದಲ್ಲಿ ಶುರು ಮಾಡಿದ, ಟಿಪ್ಪು ಮುಂದುವರಿಸಿದ, ಮುಮ್ಮಡಿಯವರೂ ಬಿಡಲಿಲ್ಲ. ಜನ ಆ ಕಾಸಿಗೆ ಒಗ್ಗಿಹೋಗಿದ್ದರು. ದೊರೆ ಬದಲಾದ ಅಂತ ತರಕಾರಿ ಮಾರುವವಳು ಹೊಸ ಗುರುತು ಕಲಿಯಬೇಕಾ?

ಹೀಗೆ ನೋಡಿ. ಆನೆಯ ಮೇಲೆ "ಶ್ರೀ" ಇದೆಯಾ? ಸೂರ್ಯ ಚಂದ್ರ ಇವೆಯಾ? ಇದ್ದರೆ ಮುಮ್ಮಡಿಯವರದು. ಹಿಂದುಗಡೆ ಕನ್ನಡದಲ್ಲಿ "ಮಯಿಲಿ ಕಾಸು" ಅಂತ ಇದ್ದು 20, 10 ಅಥವಾ 5 ಅಂಕಿ ಇದ್ದರೆ ಅನುಮಾನವೇ ಇಲ್ಲ. ಬರೀ ಆನೆ, ಮೇಲೆ ಪರ್ಷಿಯನ್ ಅಂಕಿ, ಹಿಂದೆ ಪರ್ಷಿಯನ್‌ನಲ್ಲಿ ಊರಿನ ಹೆಸರು ಇದ್ದರೆ ಟಿಪ್ಪುವಿನದು.

ಆನೆ ಆದ ಮೇಲೆ ಸಿಂಹ ಬಂತು. ಸಿಂಹದ ಕಾಸಿನಲ್ಲಿ "ಶ್ರೀ ಚಾಮುಂಡಿ", "ಕೃಷ್ಣ" ಅಂತ ಕನ್ನಡದಲ್ಲಿದೆ, ಇಸವಿ ಇಂಗ್ಲಿಷ್ ಅಂಕಿಯಲ್ಲಿದೆ. ಹಿಂದೆ ಪರ್ಷಿಯನ್‌ನಲ್ಲಿ ಮೈಸೂರಿನ ಟಂಕಸಾಲೆ ಅಂತಿದೆ, ಸುತ್ತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬೆಲೆ ಇದೆ. ಒಂದು ತಾಮ್ರದ ಬಿಲ್ಲೆಯ ಮೇಲೆ ಮೂರು ಭಾಷೆ! 1834ರಿಂದ 1843ರವರೆಗಿನವು ಇವು. ಆಗ ರಾಜರ ಕೈಯಲ್ಲಿ ಅಧಿಕಾರ ಇರಲಿಲ್ಲ, ಟಂಕಸಾಲೆ ಮೈಸೂರಿನಲ್ಲೂ ಇರಲಿಲ್ಲ. ಕಾಸಿನ ಮೇಲೆ ಮಾತ್ರ ಎರಡೂ ಹಾಗೇ ಇದ್ದವು.

ಬೆಳ್ಳಿಯಲ್ಲೂ ಇಂಥದೇ ವಿಚಿತ್ರ. ಮುಮ್ಮಡಿಯವರ ರೂಪಾಯಿಯ ಮೇಲೆ ಟಿಪ್ಪು ಕೈಬಿಟ್ಟಿದ್ದ ಷಾ ಆಲಂ ಹೆಸರು ಮತ್ತೆ ಬಂತು.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ ಅಕ್ಕ. ಅಮ್ಮನಿಗೂ ಹೇಳಿ. ಹೊಳಪು ಬಂತು ಅಂದರೆ ಅಕ್ಷರ ಹೋಯಿತು ಅಂತಲೇ ಲೆಕ್ಕ.

ನಗರದವನು

ಕನ್ನಡ ಅಂಕಿಯ ಮಾತು ಬಂದರೆ ಆನೆಗಿಂತ ಹಿಂದಿನ ಕಾಸುಗಳನ್ನೂ ನೋಡಬೇಕು. ಒಂದು ಕಡೆ ಅಡ್ಡ ಉದ್ದ ಗೆರೆಯ ಚೌಕುಳಿ, ಇನ್ನೊಂದು ಕಡೆ ಒಂದು ಕನ್ನಡ ಅಂಕಿ. ಒಂದರಿಂದ ಶುರುವಾಗಿ ಮೂವತ್ತರ ಆಸುಪಾಸಿನವರೆಗೆ ಸಿಗುತ್ತವೆ. ಬೆಲೆಯಂತೂ ಅಲ್ಲ, ಎಲ್ಲದರ ತೂಕ ಹೆಚ್ಚು ಕಡಿಮೆ ಒಂದೇ. ವರ್ಷದ ಗುರುತು ಅಂತ ಕೆಲವರು, ಅಚ್ಚಿನ ಲೆಕ್ಕ ಅಂತ ಕೆಲವರು. ನನಗೆ ಎರಡೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಪೂರ್ತಿ ಸರಣಿ ಕೂಡಿಸುವ ಹುಚ್ಚು ಮಾತ್ರ ಬಿಡುವುದಿಲ್ಲ.

ಚಾಮುಂಡಿಪುರಂ ಹುಡುಗ

ವ್ಯಾಪಾರಿಗೆ 1843ರ ಕಥೆ ಹೇಳಿದೆ. "ಹಾಗಾದರೆ 1818ರ ಕಂಪನಿ ಒಂದಾಣೆ ಇದೆ, ರಾಮ ಸೀತೆ ಆಂಜನೇಯ ಇರೋದು, ಅಯಸ್ಕಾಂತದ ಹಾಗೆ ಅಕ್ಕಿ ಎಳೆಯುತ್ತೆ" ಅಂತಾನೆ.

ಹಳೇಕಾಸು

ಆ ವ್ಯಾಪಾರಿಯನ್ನು ಬಿಟ್ಟುಬಿಡಿ ಗುರು. ಅದು ಕಂಪನಿಯ ನಾಣ್ಯವೇ ಅಲ್ಲ, ಎಷ್ಟೋ ವರ್ಷದ ಮೇಲೆ ಮಾಡಿದ ಟೋಕನ್. ಮದರಾಸಿನ ಕಂಪನಿ ವರಹಗಳ ಮೇಲೆ ದೇವರ ಚಿತ್ರ ಇತ್ತು, ಆ ಮಾತು ಬೇರೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಅಕ್ಕಿ ಎಳೆಯುತ್ತೆ ಅಂದವರ ಹತ್ತಿರ ಅಕ್ಕಿಯನ್ನೇ ಕೊಂಡುಕೊಳ್ಳಿ.

ರಾಯಚೂರು ಬಿಸಿಲು

ನಮ್ಮ ಕಡೆಯದೂ ಸ್ವಲ್ಪ ಕೇಳಿರಿ. ರಾಯಚೂರು, ಕಲಬುರಗಿ, ಬೀದರ ಎಲ್ಲಾ ನಿಜಾಮರ ಸೀಮೆ. ನಮ್ಮ ಮುತ್ಯಾನ ಕಾಲಕ್ಕೆ ಎರಡು ರೊಕ್ಕ ಇದ್ದವು. ಹಾಲಿ ಸಿಕ್ಕಾ ಅಂದರೆ ನಿಜಾಮರದು, ಕಲ್ದಾರ ಅಂದರೆ ಇಂಗ್ರೇಜಿ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ ಲೆಕ್ಕ. ಆ ಕಡೆ ಬ್ರಿಟಿಷ್ ಸೀಮೆಗೆ ಎತ್ತು ಕೊಳ್ಳಲು ಹೋಗುವವರು ಮೊದಲು ಸರಾಫನ ಹತ್ತಿರ ಹೋಗಬೇಕಿತ್ತು. ನಿಜಾಮರು ಸ್ವಂತ ನೋಟೂ ಹೊಡೆಸಿದರು, ಅದರ ಮೇಲೆ ಕನ್ನಡದಲ್ಲೂ ಬೆಲೆ ಇತ್ತು. ಮೈಸೂರಿನವರಿಗೆ ಈ ತಾಪತ್ರಯ ಇರಲಿಲ್ಲ. ಅದೇ ದುಡ್ಡು ಬೆಂಗಳೂರಿನಲ್ಲೂ ನಡೆಯಿತು, ಮದ್ರಾಸಿನಲ್ಲೂ ನಡೆಯಿತು. ಸ್ವಂತ ನಾಣ್ಯ ಇಲ್ಲ ಅಂತ ನೀವು ಕೊರಗುತ್ತೀರಿ, ಇದ್ದವರಿಗೆ ವಟ್ಟದ ಕಷ್ಟ ಗೊತ್ತು.

ಹಳೇಕಾಸು

ಬಿಸಿಲಣ್ಣ, ವ್ಯಾಪಾರಕ್ಕೆ ನೀವು ಹೇಳುವುದು ಸರಿ, ಒಪ್ಪುತ್ತೇನೆ. ಆದರೆ ಅನುಕೂಲ ಬೇರೆ, ಆಯ್ಕೆ ಬೇರೆ. ಮೈಸೂರು ಬೇಡ ಅಂತ ಬಿಟ್ಟದ್ದಲ್ಲ, ಬಿಡಿಸಿದ್ದು. ಅಂಚೆ ನೋಡಿ. ಚಿಕ್ಕದೇವರಾಜ ಒಡೆಯರ ಕಾಲದಿಂದ ನಡೆದುಬಂದ ಮೈಸೂರು ಅಂಚೆಯನ್ನು 1889ರಲ್ಲಿ ಬ್ರಿಟಿಷ್ ಅಂಚೆಗೆ ಸೇರಿಸಿದರು. ಹಾಗಾಗಿ ನಮಗೆ ಸ್ವಂತ ಅಂಚೆ ಚೀಟಿಯೂ ಇಲ್ಲ. 1913ರಲ್ಲಿ ಮೈಸೂರು ಬ್ಯಾಂಕ್ ಬಂತು, ಅದೂ ನೋಟು ಹೊಡೆಯುವಂತಿರಲಿಲ್ಲ. ನಾಲ್ವಡಿಯವರ ಮುಖ ಬೇಕು ಅಂದರೆ ಹಳೆಯ ಛಾಪಾ ಕಾಗದ, ಕೋರ್ಟ್ ಫೀ ಸ್ಟ್ಯಾಂಪುಗಳನ್ನು ಹುಡುಕಬೇಕು. ಅವು ಇನ್ನೂ ಅಗ್ಗಕ್ಕೆ ಸಿಗುತ್ತವೆ. ಚಾಮುಂಡಿಪುರಂನವರೇ, ಅಡ್ವಾನ್ಸ್ ದುಡ್ಡನ್ನು ಅದಕ್ಕೆ ಹಾಕಿ.

ಕೋಲಾರದ ಮಣ್ಣು

ಮೈಸೂರಿನಲ್ಲಿ ಈಗ ರಿಸರ್ವ್ ಬ್ಯಾಂಕಿನ ನೋಟು ಅಚ್ಚಾಗುತ್ತದೆ, 1990ರ ದಶಕದಿಂದ. 1881ರ ಷರತ್ತು ಬರೆದವರಿಗೆ ತೋರಿಸಬೇಕಿತ್ತು.

ಹ್ಯೂಸ್ಟನ್ ಅಕ್ಕ

ಅಮ್ಮನ ಹತ್ತಿರ ವಿಡಿಯೋ ಕಾಲ್‌ನಲ್ಲಿ ನೋಡಿದೆ. ಮೂರರ ಮೇಲೆ ಆನೆ, ಮೇಲೆ ಶ್ರೀ ಇದೆ. ಕನ್ನಡ ಅಕ್ಷರ ಇದ್ದದ್ದು ಆನೆ ಅಲ್ಲ, ಸಿಂಹ! ಬಾಲ ಮೇಲಕ್ಕೆ ಸುತ್ತಿಕೊಂಡಿದೆ. ಕೆಳಗೆ 1841 ಇರಬೇಕು, ಕೊನೆಯ ಅಂಕಿ ಸವೆದಿದೆ. ಮುಂದಿನ ಸಲ ಬಂದಾಗ ಒಂದನ್ನು ಇಲ್ಲಿಗೆ ತರಬಹುದಾ?

ಹಳೇಕಾಸು

ಹಾಗಾದರೆ ಮೂರೂ ಮುಮ್ಮಡಿಯವರವು, ಸಿಂಹದ್ದು ಬೆಂಗಳೂರಿನ ಟಂಕಸಾಲೆಯದು. ತರುವಂತಿಲ್ಲ ಅಕ್ಕ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನ ಪ್ರಕಾರ ಪುರಾತನ ವಸ್ತು, ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಏರ್‌ಪೋರ್ಟ್‌ನಲ್ಲಿ ಸಿಕ್ಕಿದರೆ ನಾಣ್ಯವೂ ಹೋಗುತ್ತದೆ, ಕೇಸೂ ಬೀಳುತ್ತದೆ. ಮನೆಯಲ್ಲಿ ಇಟ್ಟುಕೊಳ್ಳಲು ಏನೂ ತೊಂದರೆಯಿಲ್ಲ. ಎರಡೂ ಮಗ್ಗುಲಿನ ಫೋಟೋ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದ ತೂಕ, ಇಷ್ಟನ್ನು ಇಲ್ಲಿ ಹಾಕಿ. ಐದನೆಯದು ಇದ್ದರೆ ಅದು ಯಾವುದು ಅಂತ ನೋಡೋಣ.